ಪ್ರಯೋಗ ವಿನ್ಯಾಸ: ಒಬ್ಬರಿಗೇ ಎರಡೂ, ಇಲ್ಲ ಒಬ್ಬೊಬ್ಬರಿಗೆ ಒಂದೊಂದು?

ಗದ್ದಲದಲ್ಲಿ ಓದಿದ್ದು ಹೆಚ್ಚು ನೆನಪಿರುತ್ತದೋ, ಸದ್ದಿಲ್ಲದ ಕಡೆ ಓದಿದ್ದೋ? ಇದನ್ನು ಪರೀಕ್ಷಿಸುವ ಮೊದಲು ಯಾರು ಎಲ್ಲಿ ಓದಬೇಕು, ಯಾವ ಸರದಿಯಲ್ಲಿ ಓದಬೇಕು ಎಂದು ತೀರ್ಮಾನಿಸಬೇಕು. ಆ ಯೋಜನೆಯೇ ಪ್ರಯೋಗ ವಿನ್ಯಾಸ, ಅಂದರೆ ಎಕ್ಸ್‌ಪೆರಿಮೆಂಟಲ್ ಡಿಸೈನ್.

ಮುಖ್ಯ ದಾರಿ ಎರಡು. ಒಂದೊಂದು ಸ್ಥಿತಿಗೆ (ಇಲ್ಲಿ ಗದ್ದಲ ಒಂದು, ಮೌನ ಇನ್ನೊಂದು) ಬೇರೆ ಬೇರೆ ಜನರನ್ನು ಹಾಕಿದರೆ ಅದು ಬಿಟ್ವೀನ್-ಸಬ್ಜೆಕ್ಟ್ಸ್ ವಿನ್ಯಾಸ. ಅದೇ ಜನ ಎಲ್ಲ ಸ್ಥಿತಿಗಳಲ್ಲೂ ಭಾಗವಹಿಸಿದರೆ ವಿದಿನ್-ಸಬ್ಜೆಕ್ಟ್ಸ್. ಎಷ್ಟು ಜನ ಸಿಗುತ್ತಾರೆ ಎಂಬುದರ ಮೇಲೆ ಇದನ್ನು ಆರಿಸುವವರೇ ಜಾಸ್ತಿ. ನನ್ನ ಪ್ರಕಾರ ಅದು ಆಮೇಲಿನ ಮಾತು. ಮೊದಲ ಸ್ಥಿತಿಯನ್ನು ಮುಗಿಸಿದ ವ್ಯಕ್ತಿ ಎರಡನೆಯದಕ್ಕೆ ಮೊದಲಿನಂತೆಯೇ ಬರಬಲ್ಲನೇ? ಇದನ್ನು ಮೊದಲು ಕೇಳಿಕೊಳ್ಳಬೇಕು.

1974ರಲ್ಲಿ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಲನಚಿತ್ರ ತುಣುಕುಗಳನ್ನು ತೋರಿಸಿ, ಕಾರುಗಳ ವೇಗ ಎಷ್ಟಿತ್ತು ಎಂದು ಕೇಳಿದರು. ಪ್ರಶ್ನೆಯಲ್ಲಿ ಒಂದು ಕ್ರಿಯಾಪದ ಮಾತ್ರ ಗುಂಪಿನಿಂದ ಗುಂಪಿಗೆ ಬದಲಾಗುತ್ತಿತ್ತು. ‘ಅಪ್ಪಳಿಸಿದಾಗ’ ಎಂಬ ಅರ್ಥದ ಪದ ಕೇಳಿದವರು ಸರಾಸರಿ ಗಂಟೆಗೆ 40.5 ಮೈಲಿ ಎಂದರು. ‘ತಾಗಿದಾಗ’ ಎಂದು ಕೇಳಿದವರು 31.8 ಎಂದರು. ಒಬ್ಬರಿಗೇ ಎರಡೂ ಪ್ರಶ್ನೆ ಕೇಳಿದ್ದರೆ? ಗುಟ್ಟು ಅಲ್ಲೇ ರಟ್ಟಾಗುತ್ತಿತ್ತು, ಅಲ್ವಾ. ಇಂಥ ಕಡೆ ಗುಂಪುಗಳು ಬೇರೆಯಾಗಿರಲೇಬೇಕು. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಆಕಸ್ಮಿಕಕ್ಕೇ ಬಿಡಬೇಕು. ಮೊದಲು ಬಂದವರನ್ನೆಲ್ಲ ಒಂದು ಗುಂಪಿಗೆ ತುಂಬಿದರೆ ಗುಂಪುಗಳು ಶುರುವಿನಲ್ಲೇ ಬೇರೆ ಬೇರೆಯಾಗಿರಬಹುದು.

ಮನಶ್ಶಾಸ್ತ್ರಜ್ಞ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗದ ಕಥೆ ಬೇರೆ. ‘ಕೆಂಪು’ ಎಂಬ ಪದ ಹಸಿರು ಶಾಯಿಯಲ್ಲಿದ್ದರೆ ಶಾಯಿಯ ಬಣ್ಣ ಹೇಳಲು ನಾಲಿಗೆ ತಡವರಿಸುತ್ತದೆ. ನೂರು ಚೌಕಗಳ ಬಣ್ಣ ಹೇಳಲು ಸುಮಾರು 63 ಸೆಕೆಂಡು ಹಿಡಿದರೆ, ಇಂಥ ನೂರು ಪದಗಳಿಗೆ ಅದೇ ಜನರಿಗೆ ಸುಮಾರು 110 ಬೇಕಾಯಿತು. ಕೆಲವರು ಹುಟ್ಟಾ ಚುರುಕು, ಕೆಲವರು ನಿಧಾನ. ಒಬ್ಬರನ್ನು ಅವರೊಂದಿಗೇ ಹೋಲಿಸಿದಾಗ ಆ ಗೊಂದಲ ಬಹುಮಟ್ಟಿಗೆ ಹೋಗುತ್ತದೆ. ಕಡಿಮೆ ಜನರೂ ಸಾಕಾಗುತ್ತಾರೆ.

ಆದರೆ ಎರಡನೇ ಸಲ ಅಭ್ಯಾಸ ಆಗಿರುತ್ತದೆ, ಇಲ್ಲವೇ ಬೇಸರ ಬಂದಿರುತ್ತದೆ. ಅದಕ್ಕೇ ಅರ್ಧ ಜನರಿಗೆ ಒಂದು ಸರದಿ, ಉಳಿದವರಿಗೆ ಅದರ ತಿರುವುಮುರುವು. ಇದು ಕೌಂಟರ್‌ಬ್ಯಾಲೆನ್ಸಿಂಗ್. ನಾಲ್ಕು ಸ್ಥಿತಿಗಳಿದ್ದರೆ 24 ಸರದಿಗಳಾಗುತ್ತವೆ. ಹಾಗಾಗಿ ಪ್ರತಿ ಸ್ಥಿತಿಯೂ ಪ್ರತಿ ಸ್ಥಾನದಲ್ಲಿ ಒಂದೊಂದು ಸಲ ಬರುವಂತೆ ಜೋಡಿಸಿದ ಲ್ಯಾಟಿನ್ ಸ್ಕ್ವೇರ್ ಎಂಬ ಪಟ್ಟಿ ಬಳಸಿ ನಾಲ್ಕೇ ಸರದಿಗಳಲ್ಲಿ ಮುಗಿಸುವುದುಂಟು. ಇದೂ ಎಲ್ಲದಕ್ಕೂ ಮದ್ದಲ್ಲ. ನೆನಪಿಟ್ಟುಕೊಳ್ಳುವ ಉಪಾಯವೊಂದನ್ನು ಕಲಿಸಿದ ಮೇಲೆ ಅದನ್ನು ಮರೆಸಲು ಆಗದು, ಸರದಿ ಹೇಗೆ ತಿರುಗಿಸಿದರೂ ಅಷ್ಟೇ.

ನಡುವಿನ ದಾರಿ ಮ್ಯಾಚಿಂಗ್, ಅಂದರೆ ಒಂದೇ ಬಗೆಯ ಜನರನ್ನು ಬೇರೆ ಬೇರೆ ಗುಂಪುಗಳಿಗೆ ಸಮನಾಗಿ ಹಂಚುವುದು. ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ಕಂಡ ಮಕ್ಕಳೂ ಹಾಗೇ ಮಾಡುತ್ತಾರೋ ಎಂದು ನೋಡಿದ 1961ರ ಬೊಬೊ ಗೊಂಬೆ ಪ್ರಯೋಗದಲ್ಲಿ, ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ತಂಡ 72 ಮಕ್ಕಳ ಜಗಳಗಂಟಿತನವನ್ನು ಮೊದಲೇ ಅಳೆದು, ಗುಂಪುಗಳನ್ನು ಸರಿದೂಗಿಸಿತ್ತು.

ವಯಸ್ಸನ್ನೋ ಕಾಯಿಲೆಯನ್ನೋ ಚೀಟಿ ಎತ್ತಿ ಹಂಚಲಾಗದು. ಇದ್ದ ಗುಂಪುಗಳನ್ನೇ ಹೋಲಿಸಿದರೆ ಅದು ಕ್ವಾಸಿ-ಎಕ್ಸ್‌ಪೆರಿಮೆಂಟ್. ಅಲ್ಲಿ ವ್ಯತ್ಯಾಸ ಕಂಡರೂ ಕಾರಣ ಇದೇ ಎನ್ನಲು ಧೈರ್ಯ ಸಾಲದು.