ಕಾಂಕ್ರೀಟಿಗೆ ಕರಟದ ಜಲ್ಲಿ

ಕಾಂಕ್ರೀಟಿನಲ್ಲಿ ಸುಮಾರು ಮುಕ್ಕಾಲು ಪಾಲು ಜಲ್ಲಿ ಮತ್ತು ಮರಳೇ ಇರುತ್ತದೆ. ಅದಕ್ಕಾಗಿ ಗುಡ್ಡಗಳನ್ನು ಸಿಡಿಸುತ್ತಿದ್ದೇವೆ, ಹೊಳೆಗಳನ್ನು ಬಗೆಯುತ್ತಿದ್ದೇವೆ. ಜಲ್ಲಿಯ ಬದಲು ತೆಂಗಿನ ಕರಟ ಹಾಕಬಹುದಾ ಎಂದು ತಮಿಳುನಾಡಿನ ಸಂಶೋಧಕರು ವರ್ಷಗಟ್ಟಲೆ ಪರೀಕ್ಷೆ ಮಾಡಿ ನೋಡಿದ್ದಾರೆ. ಮಲೇಷ್ಯಾದಲ್ಲಿ ಎಣ್ಣೆ ತಾಳೆಯ ಚಿಪ್ಪಿನ ಮೇಲೂ ಇಂಥದೇ ಕೆಲಸ ನಡೆದಿದೆ.

ಗಿಡಮರದ ಚೂರನ್ನು ಸಿಮೆಂಟಿಗೆ ಸುಮ್ನೆ ಬೆರೆಸಿದರೆ ಆಗುವುದಿಲ್ಲ. ಮೊದಲ ತೊಡಕು ಸಕ್ಕರೆ. ಸಿಮೆಂಟ್ ಕಲಸಿದ ನೀರು ಸುಣ್ಣದ ನೀರಿನಂತೆ ಕೈ ಸುಡುವಷ್ಟು ಕ್ಷಾರ. ಅದು ಮರದೊಳಗಿನ ಸಕ್ಕರೆಯನ್ನು ಹೊರಗೆಳೆಯುತ್ತದೆ. ಆ ಸಕ್ಕರೆ ಸಿಮೆಂಟ್ ಕಣಗಳಿಗೆ ಅಂಟಿಕೊಂಡು, ಅವು ನೀರಿನೊಂದಿಗೆ ಸೇರಿ ಗಟ್ಟಿಯಾಗುವುದನ್ನೇ ತಡೆಯುತ್ತದೆ. 50 ಕೆಜಿ ಮೂಟೆಗೆ 50 ಗ್ರಾಂ ಸಕ್ಕರೆ ಬಿದ್ದರೂ ಸಾಕು, ಸಿಮೆಂಟ್ ಗಂಟೆಗಟ್ಟಲೆ ತಡವಾಗಿ ಸೆಟ್ ಆಗುತ್ತದೆ. ಹಾಗಾಗಿ ಮರದ ಚೂರನ್ನು ಬಿಸಿನೀರಲ್ಲಿ ತೊಳೆಯುವ ಪದ್ಧತಿ ಇದೆ. ಕರಟದಲ್ಲಿ ಹೀಗೆ ಬಿಟ್ಟುಕೊಡುವ ಸಕ್ಕರೆ ಕಡಿಮೆ. ಕರಟವನ್ನು ಗಟ್ಟಿ ಮಾಡುವ ಲಿಗ್ನಿನ್ ಜಾಸ್ತಿ.

ಎರಡನೆಯದು ನೀರು. ಒಣ ಕರಟ ತನ್ನ ತೂಕದ ಐದನೇ ಒಂದು ಪಾಲಿಗಿಂತ ಜಾಸ್ತಿ ನೀರು ಹೀರುತ್ತದೆ. ಕಲ್ಲಿನ ಜಲ್ಲಿ ಹೀರುವುದು ಶೇಕಡಾ 1ರ ಆಸುಪಾಸು. ಹಾಗೇ ಹಾಕಿದರೆ ಸಿಮೆಂಟಿಗೆ ಬೇಕಾದ ನೀರನ್ನು ಕರಟವೇ ಕುಡಿದುಬಿಡುತ್ತದೆ. ಅದಕ್ಕೇ ಅದನ್ನು ಒಡೆದು ಜಲ್ಲಿ ಗಾತ್ರಕ್ಕೆ ತಂದು, 24 ಗಂಟೆ ನೆನೆಸಿ, ಮೇಲಿನ ತೇವ ಆರಿದ ಮೇಲೆ ಬೆರೆಸುತ್ತಾರೆ. ಇದರಿಂದ ಒಂದು ಲಾಭವೂ ಇದೆ. ಒಳಗೆ ನಿಂತ ನೀರು ಮೆಲ್ಲಗೆ ಹೊರಬಂದು, ಕಾಂಕ್ರೀಟಿಗೆ ಒಳಗಿನಿಂದಲೇ ಕ್ಯೂರಿಂಗ್ ಮಾಡುತ್ತದೆ.

ಮುರಿದ ಕರಟವನ್ನು ಕೈಯಲ್ಲಿ ಹಿಡಿದು ನೋಡಿ. ಹೊರಮೈ ಒರಟು, ನಾರಿನ ಎಳೆ ಇನ್ನೂ ಅಂಟಿರುತ್ತದೆ. ಒಳಮೈ ನುಣುಪು. ಸಿಮೆಂಟ್ ಹೊರಮೈಗೆ ಕಚ್ಚಿದಂತೆ ಒಳಮೈಗೆ ಕಚ್ಚುವುದು ಕಷ್ಟ.

ಮಾಮೂಲಿ ಕಾಂಕ್ರೀಟ್ ಘನ ಮೀಟರಿಗೆ ಸುಮಾರು 2,400 ಕೆಜಿ ತೂಗಿದರೆ, ಕರಟದ್ದು 2,000ದ ಆಸುಪಾಸು. ಸರಿಯಾಗಿ ಮಾಡಿದರೆ ಮಾಮೂಲಿ ಮನೆಗಳ ಕಂಬ, ತೊಲೆಗೆ ಹಾಕುವ ಎಂ20 ದರ್ಜೆಯ ಬಲವೂ ಬರುತ್ತದೆ. ಆದರೆ ಆ ಬಲ ಬರಬೇಕಾದರೆ ಸಿಮೆಂಟ್ ಜಾಸ್ತಿ ಸುರಿಯಬೇಕು. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇಕಡಾ 8 ಬರುವುದು ಸಿಮೆಂಟಿನಿಂದಲೇ. ಕಲ್ಲು ಉಳಿಸಿ ಸಿಮೆಂಟ್ ಸುರಿದರೆ ಅದನ್ನು ಪರಿಸರಸ್ನೇಹಿ ಎನ್ನಲು ನನಗೆ ಮನಸ್ಸಾಗದು.

ಆದ್ದರಿಂದ ಕಂಬ, ತೊಲೆಗಳ ಆಸೆ ಸದ್ಯಕ್ಕೆ ಬೇಡ. ಭಾರ ಹೊರದ ಅಡ್ಡಗೋಡೆಯ ಬ್ಲಾಕುಗಳಿಗೆ, ತಾರಸಿಯ ಇಳಿಜಾರಿಗೆ ಕಡಿಮೆ ಸಿಮೆಂಟಿನಲ್ಲೇ ಇದು ಚೆನ್ನಾಗಿ ಒಪ್ಪುತ್ತದೆ. ನಮ್ಮ ತಿಪಟೂರು ಕಡೆ ಕೊಬ್ಬರಿ ತೆಗೆದ ಕರಟಕ್ಕೆ ಇದ್ದಿಲಿನವರ ಗಿರಾಕಿ ಮೊದಲೇ ಇದೆ. ಅವರು ಕೊಡುವ ಬೆಲೆಗೆ ಕೊಂಡು, ಒಡೆದು, ನೆನೆಸಿದ ಮೇಲೂ ಬ್ಲಾಕ್ ಅಗ್ಗಕ್ಕೆ ಬೀಳುತ್ತದಾ ಎಂಬುದನ್ನು ಬ್ಲಾಕ್ ಮಾಡುವವರು ಮೊದಲು ಲೆಕ್ಕ ಹಾಕಬೇಕು.