ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ: ನರದ ಜಾಡು ಹಿಡಿಯುವ ಕ್ಯಾನ್ಸರ್

ಎಲೆ-ಅಡಿಕೆ ಹಾಕಲ್ಲ, ಬೀಡಿ ಸೇದಲ್ಲ, ಅಂಗುಳಲ್ಲೆದ್ದ ಗಂಟು ಕ್ಯಾನ್ಸರ್ ಹೇಗಾದೀತು ಎಂದು ಮೈಸೂರು, ಮಂಡ್ಯದ ಕಡೆ ಕೇಳುವವರಿದ್ದಾರೆ. ಬಾಯಿಯ ಸಾಮಾನ್ಯ ಕ್ಯಾನ್ಸರಿಗೆ ಹೊಗೆಸೊಪ್ಪು ದೊಡ್ಡ ಕಾರಣ. ಅಂಗುಳಲ್ಲೂ ಇರುವ ಜೊಲ್ಲು ಗ್ರಂಥಿಗಳಲ್ಲಿ ಹುಟ್ಟುವ ಈ ಅಪರೂಪದ ಕ್ಯಾನ್ಸರಿಗೆ ಮಾತ್ರ ಅದರ ನಂಟು ಕಂಡುಬಂದಿಲ್ಲ. ತಲೆ, ಕುತ್ತಿಗೆಯ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಶೇ. 1ರ ಆಸುಪಾಸು.

ಬಹಳಷ್ಟು ರೋಗಿಗಳ ಗಡ್ಡೆಯಲ್ಲಿ 6 ಮತ್ತು 9ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಎಂವೈಬಿ, ಎನ್‌ಎಫ್‌ಐಬಿ ಎಂಬ ಜೀನ್‌ಗಳು ಬೆಸೆದುಕೊಂಡಿರುತ್ತವೆ. ಆಗ ಎಂವೈಬಿ ಹತೋಟಿ ತಪ್ಪಿ ಕೋಶಗಳು ಹೆಚ್ಚುತ್ತವೆ. ಈ ಬದಲಾವಣೆ ಗಡ್ಡೆಯಲ್ಲಷ್ಟೇ ಇರುತ್ತದೆ, ಮಕ್ಕಳಿಗೆ ಹರಿಯುವುದಿಲ್ಲ.

ಗಂಟು ನಿಧಾನ ಬೆಳೆಯುತ್ತದೆ, ಮೋಸ ಇರುವುದೇ ಅಲ್ಲಿ. ಕೋಶಗಳು ನರದ ಸುತ್ತ ಹಬ್ಬಿ, ಅಂಗುಳಿಂದ ತಲೆಬುರುಡೆಯ ಬುಡದವರೆಗೂ ಹೋಗಬಲ್ಲವು. ಮುಖ ಮರಗಟ್ಟಿದರೆ, ಬಾಯಿ ಸೊಟ್ಟಗಾದರೆ, ಬಿಡದ ನೋವಿದ್ದರೆ ಹಲ್ಲುನೋವೆಂದು ಸುಮ್ಮನಾಗಬೇಡಿ. ತುಣುಕು ತೆಗೆದು ಬಯಾಪ್ಸಿ ಮಾಡಿಸಬೇಕು. ನರದ ಹಾದಿ ನೋಡಲು ಕಾಂಟ್ರಾಸ್ಟ್ (ಬಣ್ಣದ ಮದ್ದು ಚುಚ್ಚಿ ಮಾಡುವ) ಎಂಆರ್‌ಐ, ಶ್ವಾಸಕೋಶಕ್ಕೆ ಹರಡಿದೆಯೇ ಎಂದು ನೋಡಲು ಸಿಟಿ ಸ್ಕ್ಯಾನ್ ಬೇಕು. ಬಯಾಪ್ಸಿ ವರದಿಯಲ್ಲಿ 'ಸಾಲಿಡ್' (ಕೋಶಗಳು ಸಂದಿಲ್ಲದೆ ಒತ್ತಾಗಿ ಸೇರಿದ) ಮಾದರಿ ಶೇ. 30ಕ್ಕಿಂತ ಹೆಚ್ಚಿದ್ದರೆ ರೋಗ ಉಗ್ರವೆಂದರ್ಥ.

ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ, ಸುತ್ತಲಿನ ಒಳ್ಳೆಯ ಅಂಗಾಂಶದ ಅಂಚೂ ಸೇರಿದಂತೆ. ನರದಲ್ಲಿ ಉಳಿದ ಕೋಶಗಳು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಬಹುಪಾಲು ರೋಗಿಗಳಿಗೆ ಆಮೇಲೆ ರೇಡಿಯೇಷನ್ ಕೊಡುತ್ತಾರೆ: ಸಾಮಾನ್ಯವಾಗಿ ದಿನಕ್ಕೆ 2 ಗ್ರೇ (ರೇಡಿಯೇಷನ್ ಅಳೆಯುವ ಮಾನ)ಯಂತೆ ವಾರಕ್ಕೆ 5 ದಿನ, ಒಟ್ಟು 60ರಿಂದ 66 ಗ್ರೇ. ಆರರಿಂದ ಏಳು ವಾರದ ಓಡಾಟವಿದು. ಮಂಡ್ಯದ ಹಳ್ಳಿಯಿಂದ ಮೈಸೂರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವವರು ಹತ್ತಿರದಲ್ಲೇ ತಂಗಲು ಜಾಗ ಹುಡುಕಿಕೊಳ್ಳುವುದು ಮೇಲು. ನಡುನಡುವೆ ದಿನ ತಪ್ಪಿದರೆ ಚಿಕಿತ್ಸೆಯ ಬಲ ಕುಂದುತ್ತದೆ. ಉಳಿಸಲಾಗದ ಹುಳುಕು ಹಲ್ಲುಗಳನ್ನು ರೇಡಿಯೇಷನ್‌ಗೆ ಎರಡು ವಾರ ಮೊದಲೇ ಕೀಳಿಸಬೇಕು, ಗಾಯ ಮಾಯಬೇಕು. ರೇಡಿಯೇಷನ್ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಮೂಳೆ ಸಾಯುವ ಅಪಾಯವಿದೆ.

ಕೀಮೋಗೆ ಈ ರೋಗ ಅಷ್ಟಾಗಿ ಬಗ್ಗುವುದಿಲ್ಲ. ಶ್ವಾಸಕೋಶಕ್ಕೆ ಹರಡಿ ನಿಧಾನ ಬೆಳೆಯುತ್ತಿದ್ದರೆ, ಔಷಧ ಕೊಡದೆ ಸ್ಕ್ಯಾನ್ ಮಾಡುತ್ತಾ ಕಾಯುವುದೂ ಸರಿಯಾದ ಚಿಕಿತ್ಸೆಯೇ. ವೇಗ ಹೆಚ್ಚಿದರೆ ಲೆನ್ವಾಟಿನಿಬ್‌ನಂಥ ಮಾತ್ರೆಗಳಿವೆ. ಅವು ಬೆಳವಣಿಗೆಯನ್ನು ತಡೆಹಿಡಿಯಬಹುದು, ಗುಣಪಡಿಸುವುದಿಲ್ಲ. ರಕ್ತದೊತ್ತಡವೂ ಏರುತ್ತದೆ, ಆಗಾಗ ನೋಡಿಸಿಕೊಳ್ಳಬೇಕು.

ಐದು ವರ್ಷ ಕಳೆದರೆ ಗೆದ್ದಂತೆ ಎಂಬ ಲೆಕ್ಕ ಇಲ್ಲಿ ನಡೆಯದು. 10, 15 ವರ್ಷದ ಮೇಲೂ ಮರುಕಳಿಸಿದ್ದುಂಟು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾದರೆ ಬಯಾಪ್ಸಿಯ ಸ್ಲೈಡು, ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕು ಎರಡನ್ನೂ ಲ್ಯಾಬಿನಿಂದ ಕೇಳಿ ಪಡೆದುಕೊಂಡು ಹೋಗಿ.