ತೋಟದ ಮೇಲಿನ ಗುಡ್ಡೆ: ಸೊಪ್ಪು, ಮರ, ನೀರು

ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಗುಡ್ಡೆಯನ್ನು ಮರದ ವ್ಯಾಪಾರಿ ಸುತ್ತಿ ಬಂದು ಅಕೇಶಿಯಾ, ಮರ್ವ, ಹೆಬ್ಬಲಸು ಎಲ್ಲ ಸೇರಿಸಿ ಒಂದೇ ಮೊತ್ತ ಹೇಳುತ್ತಾನೆ. ಕಾರ್ಕಳ, ಹೆಬ್ರಿ ಕಡೆಯ ತೋಟದವರು ಅದಕ್ಕೆ ಒಪ್ಪುವ ಮೊದಲು ಸೊಪ್ಪಿನ ಲೆಕ್ಕ ಹಾಕಲಿ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿಸೊಪ್ಪು, ಅಷ್ಟೇ ತೂಕದ ಗೊಬ್ಬರ ಎಂಬುದು ಶಿಫಾರಸು. 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಮರ, ಅಂದರೆ ಆರೂವರೆ ಟನ್ ಸೊಪ್ಪು. ಮರದ ದುಡ್ಡು ಒಮ್ಮೆ ಬರುತ್ತದೆ, ಸೊಪ್ಪಿನ ಖರ್ಚು ವರ್ಷವೂ ಬರುತ್ತದೆ.

ಪಹಣಿಯನ್ನೂ ತೆಗೆದು ನೋಡಿ. ವರ್ಗ ಜಾಗದ, ಅಂದರೆ ಹಳೆಯ ಪಟ್ಟಾ ಹಿಡುವಳಿಯ, ಅಂಚಿನಿಂದ 100 ಗಜದೊಳಗಿನ ಕುಮ್ಕಿ ಎಂಬ ಜಾಗ ಸರ್ಕಾರದ್ದು. ವರ್ಗದಾರನಿಗೆ ಅಲ್ಲಿರುವುದು ಸೊಪ್ಪು, ಸೌದೆಯಂಥ ಸವಲತ್ತು, ಮರ ಮಾರುವ ಹಕ್ಕಲ್ಲ. ಪಟ್ಟಾ ಜಾಗದಲ್ಲೂ ವಿನಾಯಿತಿ ಪಟ್ಟಿಯಲ್ಲಿಲ್ಲದ ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು.

ಸೊಪ್ಪು ಕಡಿಯಲು ಗುಡ್ಡೆಯನ್ನು ಮೂರು ಪಾಲು ಮಾಡಿ, ವರ್ಷಕ್ಕೊಂದು ಪಾಲು ಸಾಕು. ಪ್ರತಿ ಮರದ ತುದಿಯ ಮೂರನೇ ಒಂದು ಭಾಗ ಮುಟ್ಟಬೇಡಿ. ಪೂರ್ತಿ ಬೋಳಿಸಿದ ಮರ ಹೂ ಬಿಡದು, ಬೀಜ ಉದುರಿಸದು. ಅದು ಸತ್ತ ಜಾಗಕ್ಕೆ ಬರುವುದು ಕಮ್ಯುನಿಸ್ಟ್ ಗಿಡವೆಂಬ ಕಳೆ. ತರಗೆಲೆಯನ್ನೂ ಕಸಬರಿಕೆ ಹಾಕಿ ಗುಡಿಸಬಾರದು. ಗುಡಿಸಿದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಮೇಲೆ ಇರುವ ತೆಳು ಮಣ್ಣು ಮೊದಲ ಮಳೆಗೇ ಇಳಿದು ಹೋಗುತ್ತದೆ.

ಅಕೇಶಿಯಾ ತೆಗೆಯುವುದೇ ಸರಿ, ಆದರೆ ಒಂದೇ ಸಲಕ್ಕಲ್ಲ. ಇಳಿಜಾರಿಗೆ ಅಡ್ಡವಾಗಿ 10 ಮೀಟರ್ ಅಗಲದ ಪಟ್ಟಿ ಕಡಿದು, ಪಕ್ಕದ ಪಟ್ಟಿಯನ್ನು ನೆರಳಿಗೆ ಉಳಿಸಿ. ಆ ಜಾಗದಲ್ಲಿ ನೆಡುವ ಧೂಪ, ಕಿರಾಲುಭೋಗಿಯಂಥ ಕಾಡುಮರದ ಸಸಿಗಳು ಎಳವೆಯಲ್ಲಿ ಬಿಸಿಲು ತಾಳವು. ಧೂಪದ ಬೀಜ ಮಳೆಗಾಲದ ಆರಂಭದಲ್ಲಿ ಉದುರುತ್ತದೆ. ಒಣಗಿಸಿಟ್ಟರೆ ಮೊಳೆಯುವುದಿಲ್ಲ, ಹೆಕ್ಕಿದ ಕೂಡಲೇ ಬಿತ್ತಬೇಕು. ಪುನರ್ಪುಳಿಯ (ಮುರುಗಲು) ಬೀಜದ ಸಸಿ ನೆಟ್ಟರೆ ಅರ್ಧದಷ್ಟು ಗಂಡಾಗಿ ಹಣ್ಣೇ ಸಿಗದು, ಕಸಿ ಗಿಡ ನೆಡಿ. ನಾಗಬನಕ್ಕೆ ಯಾರೂ ಕತ್ತಿ ಹಾಕುವುದಿಲ್ಲವಾದ್ದರಿಂದ ಊರಿನ ಒಳ್ಳೆಯ ಬೀಜದ ಮರಗಳು ಹೆಚ್ಚಾಗಿ ಅಲ್ಲೇ ಉಳಿದಿವೆ.

ಇನ್ನು ಮಳೆನೀರು ಇಂಗಿಸುವ ಇಂಗುಗುಂಡಿ. 6 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ಒಮ್ಮೆ ತುಂಬಿದರೆ ಸುಮಾರು 500 ಲೀಟರ್. ಎಲ್ಲ ಕಡೆಯೂ ತೋಡುವ ಉಮೇದು ಮಾತ್ರ ಅಪಾಯ. ಮುರಕಲ್ಲಿನಡಿ ಶೇಡಿ ಎಂಬ ನುಣುಪು ಜೇಡಿಮಣ್ಣಿದ್ದರೆ ಇಂಗಿದ ನೀರು ಅದನ್ನು ನೆನೆಸಿ ಮೆತ್ತಗಾಗಿಸುತ್ತದೆ, ಕಡಿದಾದ ಗುಡ್ಡೆ ಜಾರುತ್ತದೆ. ಮನೆಗಾಗಿ ಗುಡ್ಡೆಯ ಬುಡದಲ್ಲಿ ದರೆ (ಮಣ್ಣಿನ ಗೋಡೆ) ಕಡಿದಿದ್ದರಂತೂ ಮೇಲೆ ಗುಂಡಿ ಬೇಡವೇ ಬೇಡ. ಕಣಿ (ಕಾಲುವೆ) ತೆಗೆದು ನೀರನ್ನು ತೋಡಿಗೆ, ಅಂದರೆ ಹಳ್ಳಕ್ಕೆ, ಬಿಡಿ. ಗುದ್ದಲಿ ಹಿಡಿಯುವ ಮುನ್ನ ಆ ಜಾಗದ ಬಾವಿ ತೋಡಿದವರನ್ನು ವಿಚಾರಿಸಿ. ಶೇಡಿ ಎಷ್ಟು ಅಡಿಗೆ ಸಿಕ್ಕಿತೆಂದು ಅವರಿಗೆ ಗೊತ್ತಿರುತ್ತದೆ.